ಓಟು ಹಾಕಿದ್ದೀನಿ, ರಾಗಿ ಹಾಕಲ್ಲ

ಎಪ್ಪತ್ತೆಂಟನೇ ಇಸವಿ, ಶಿವರಾತ್ರಿಗೆ ಇನ್ನು ಹತ್ತು ದಿನ ಇತ್ತು. ಅವತ್ತು ಎಮ್ಮೆಲ್ಲೆ ಎಲೆಕ್ಷನ್. ಗಂಡ ತೀರಿಹೋದ ಮೇಲೆ ನಾನು ಬುಕ್ಕಾಂಬುಧಿ ಬಿಟ್ಟು ಮುದ್ದೇನಹಟ್ಟಿಯ ತಮ್ಮನ ಮನೆಗೆ ಬಂದು ಐದು ತಿಂಗಳಾಗಿತ್ತು. ನನ್ನ ಹೆಸರು ಇನ್ನೂ ಬುಕ್ಕಾಂಬುಧಿ ಲಿಸ್ಟಿನಲ್ಲೇ ಇತ್ತು. ಆದರೂ ತಮ್ಮನ ಹೆಂಡತಿ ಒಬ್ಬಳೇ ಹೋಗಲಾರೆ ಅಂದಳು ಅಂತ ದೇವನೂರಿನ ಸ್ಕೂಲಿನವರೆಗೂ ಜೊತೆಗೆ ಹೋಗಿ, ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದೆ.

ಹೆಂಗಸರ ಸಾಲಿನಲ್ಲಿ ಒಬ್ಬಳು ನಿಂತಲ್ಲೇ ಉಣ್ಣೆ ನೂಲುತ್ತಿದ್ದಳು. ಎಡಗೈಗೆ ಉಣ್ಣೆ ಸುತ್ತಿಕೊಂಡು, ಬಲಗೈಯಲ್ಲಿ ಕದಿರು ತಿರುವಿ ಬಿಡೋಳು. ಅದು ಬುಗುರಿ ಹಾಗೆ ಸುತ್ತುತ್ತಾ ನೆಲದ ತನಕ ಇಳಿಯೋದು, ಮತ್ತೆ ಎಳೆದುಕೊಳ್ಳೋಳು. ಸಾಲು ಒಂದು ಹೆಜ್ಜೆ ಮುಂದಕ್ಕೆ ಹೋದರೆ ಕದಿರೂ ಒಂದು ಹೆಜ್ಜೆ ಹೋಗುತ್ತಿತ್ತು. ಬಾಗಿಲ ಹತ್ತಿರ ಬಂದಾಗ ಪೊಲೀಸಿನವನು ಕದಿರು ಒಳಗೆ ತರೋ ಹಾಗಿಲ್ಲ ಅಂದ.

"ಯಾಕಪ್ಪಾ, ಇದ್ರಲ್ಲಿ ಯಾರ್ನಾದ್ರೂ ಚುಚ್ತೀನಾ?"

"ರೂಲ್ಸು ಕಣಮ್ಮಾ."

ಅವಳು ಸುತ್ತ ನೋಡಿ, ಗುರುತು ಪರಿಚಯ ಇಲ್ಲದ ನನ್ನ ಹತ್ತಿರ ನೇರವಾಗಿ ಬಂದು, "ಹಿಡ್ಕೊಳ್ಳವ್ವ. ನೆಲಕ್ಕೆ ಇಡಬೇಡ, ಎಳೆ ಬಿಚ್ಕೊಳ್ತದೆ" ಅಂತ ಕದಿರು ಕೊಟ್ಟು ಒಳಗೆ ಹೋದಳು. ಕಿಟಕಿ ನನ್ನ ತಲೆಯ ಹಿಂದೆಯೇ ಇತ್ತು. ಒಳಗಿನ ಮಾತೆಲ್ಲ ಕೇಳಿಸಿತು.

"ಸ್ವಾಮಿ, ಯಾರು ಬೇಡ ಅಂತ ಒತ್ತೋದು ಎಲ್ಲಿ?"

"ಬೇಡ ಅಂತ ಒತ್ತೋದಿಲ್ಲಮ್ಮ. ಬೇಕಾದೋರ ಗುರುತಿನ ಮೇಲೆ ಒತ್ತೋದಷ್ಟೆ."

"ಬೇಕಾದೋರು ಇದ್ದಿದ್ರೆ ನಿಮ್ಮನ್ನ ಯಾಕ್ ಕೇಳ್ತಿದ್ದೆ?"

ಸಾಲಿಗೆ ಸಾಲೇ ನಕ್ಕಿತು. ಆಫೀಸರೂ ನಕ್ಕನಂತೆ. ಅವಳು ಮಾತ್ರ ನಗದೆ ಹೊರಗೆ ಬಂದು, ಕದಿರು ತಗೊಂಡು ಎಳೆ ನೋಡಿ, "ಪರವಾಗಿಲ್ಲ, ಚೆನ್ನಾಗಿ ಹಿಡ್ದಿದ್ದೀಯ. ನಾಳೆಯಿಂದ ಬಾ, ಉಣ್ಣೇಲಿ ಮುಳ್ಳು ಆರಿಸೋ ಕೆಲ್ಸ ಐತೆ" ಅಂದಳು. ಅವಳೇ ಈರಕ್ಕ. ಮಾರನೇ ದಿನ ಹೋದೆ. ಹನ್ನೊಂದು ವರ್ಷ ಹೋದೆ.

ಈರಕ್ಕನ ಮನೆ ಕುರುಬರ ಬೀದಿಯ ಕೊನೆಯಲ್ಲಿತ್ತು. ಗಂಡ ಬೀರಯ್ಯ. ಅರವತ್ತು ಕುರಿ. ನಡುಮನೆಯಲ್ಲಿ ಗುಂಡಿ ತೋಡಿ ಹಾಕಿದ ಮಗ್ಗ. ಬೀರಯ್ಯ ಕುರಿ ಕಾಯೋನು, ಅವಳು ನೂಲೋಳು, ಅವನು ಊರಲ್ಲಿದ್ದಾಗ ನೇಯೋನು. ಬೀರಯ್ಯನಿಗೆ ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಇವಳೇ ಆಡೋಳು. ಮೂರು ಜನ ಹೆಣ್ಣುಮಕ್ಕಳು ಆಗಲೇ ಮದುವೆಯಾಗಿ ಹೋಗಿದ್ದರು. ನಾನು ಉಣ್ಣೆ ಬಿಡಿಸಿ ಮುಳ್ಳು ಆರಿಸುತ್ತಿದ್ದೆ, ಹುಣಸೆ ಬೀಜ ಹುರಿದು ಕುಟ್ಟಿ ನೂಲಿಗೆ ಹಚ್ಚೋ ಗಂಜಿ ಕಾಯಿಸುತ್ತಿದ್ದೆ. ಅವಳ ಕಂಬಳಿಯ ಮೇಲೆ ನೀರು ಹೊಯ್ದರೆ ಮುತ್ತಿನ ಹಾಗೆ ಉರುಳಿ ಹೋಗುತ್ತಿತ್ತು. ಇದು ಹೊಗಳಿಕೆ ಅಲ್ಲ, ನಾನೇ ಹೊಯ್ದು ನೋಡಿದ್ದೇನೆ.

ಒಂದು ದಿನ ಕೇಳಿದೆ, "ಅಲ್ಲ ಈರಕ್ಕ, ಅವತ್ತು ಹಂಗ್ಯಾಕೆ ಕೇಳ್ದೆ?"

"ಮೊದಲ್ನೇ ಎಲೆಕ್ಷನ್ನಾಗೆ ನಾನು ಇಷ್ಟಪಟ್ಟು ಹಾಕಿದ್ದೆ ಕಣೆ. ಆಗ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ. ಹೊಸ ಸೀರೆ ಉಟ್ಕೊಂಡು ಹೋಗಿ, ಚೀಟಿ ಹಾಕಿ, ಪೆಟ್ಟಿಗೆಗೆ ಕೈ ಮುಗ್ದು ಬಂದೆ. ನಮ್ಮೂರಿಗೆ ರಸ್ತೆ ಹಾಕುಸ್ತೀನಿ ಅಂದಿದ್ದ ಪುಣ್ಯಾತ್ಮ. ಗೆದ್ದ. ಆಮೇಲೆ ಅವನಿಗೆ ನಮ್ಮೂರಿಗೆ ಬರೋಕೆ ದಾರಿನೇ ಸಿಗ್ಲಿಲ್ಲ ಪಾಪ, ರಸ್ತೆ ಇಲ್ವಲ್ಲ."

ಆವತ್ತಿಂದ ಈರಕ್ಕ ಯಾರು ಬೇಕು ಅಂತ ನೋಡೋದು ಬಿಟ್ಟಳು. ಯಾರು ಬೇಡ ಅಂತ ಮೊದಲು ಗೊತ್ತು ಮಾಡಿಕೊಳ್ಳೋಳು. ಅವನನ್ನು ಸೋಲಿಸೋ ತಾಕತ್ತು ಯಾರಿಗೆ ಇದೆ ಅಂತ ನಾಲ್ಕು ಬೀದಿ ವಿಚಾರಿಸೋಳು. ಆ ತಾಕತ್ತು ಇರೋನಿಗೆ ಒತ್ತಿ ಬರೋಳು. ಗೆದ್ದವನು ಮುಂದಿನ ಸಲ 'ಬೇಡ'ದ ಕಡೆಗೆ ಸೇರುತ್ತಿದ್ದ. "ದನ ಕಟ್ಟೋ ಗೂಟ ಬದಲಾಯಿಸ್ದಂಗೆ ಬದಲಾಯಿಸ್ತಾ ಇರ್ಬೇಕು, ಒಂದೇ ಕಡೆ ಇದ್ರೆ ನೆಲ ಗುಂಡಿ ಬೀಳ್ತದೆ" ಅನ್ನೋಳು.

ಇದೆಲ್ಲ ತಮಾಷೆಯಾಗಿಯೇ ನಡೆದುಕೊಂಡು ಬಂತು, ಎಂಬತ್ತೇಳನೇ ಇಸವಿಯವರೆಗೆ.

ಆ ವರ್ಷ ಜನವರಿಯಲ್ಲಿ ಮಂಡಲ ಪಂಚಾಯ್ತಿ ಎಲೆಕ್ಷನ್ ಬಂತು. ನಮ್ಮೂರಿಗೆ ಒಂದು ಸೀಟು. ನಮ್ಮೂರಿನ ಮೇಲುಗಡೆ ನಲವತ್ತು ಎಕರೆ ಗೋಮಾಳ ಇತ್ತು. ಊರ ಕುರಿ ಮೇಕೆ ಎಲ್ಲ ಅಲ್ಲೇ ಮೇಯಬೇಕು. ದೊಡ್ಡಮನೆ ಲಕ್ಷ್ಮಣಪ್ಪ ಅಲ್ಲಿ ನೀಲಗಿರಿ ಹಾಕಿಸಬೇಕು ಅಂತ ಒಂದು ವರ್ಷದಿಂದ ಓಡಾಡುತ್ತಿದ್ದ. ಸಸಿ ಬರುತ್ತೆ, ಬೇಲಿ ಬರುತ್ತೆ, ಊರಿಗೆ ಆದಾಯ ಆಗುತ್ತೆ ಅಂತ ಹೇಳುತ್ತಿದ್ದ. ಮಂಡಲದ ಮೀಟಿಂಗಿನಲ್ಲಿ ನಮ್ಮೂರ ಮೆಂಬರು ಹೂಂ ಅಂದರೆ ಗುಂಡಿ ತೋಡುತ್ತಾರೆ, ಬೇಡ ಅಂದರೆ ನಿಲ್ಲುತ್ತೆ. ಅದಕ್ಕೇ ಲಕ್ಷ್ಮಣಪ್ಪ ಮೆಂಬರಿಗೆ ನಿಂತಿದ್ದ.

ನೀಲಗಿರಿ ಕೆಳಗೆ ಹುಲ್ಲು ಹುಟ್ಟೋದಿಲ್ಲ. ಈರಕ್ಕ ಹೇಳಿದಳು, "ಗೋಮಾಳ ಹೋದ್ರೆ ಮುಂಗಾರಿಗೆ ಮುಂಚೆ ಕುರಿ ಮಾರ್ಬೇಕು. ಕುರಿ ಹೋದ್ರೆ ಮಗ್ಗದ ಗುಂಡೀಲಿ ಏನಿಡ್ಲಿ, ಈರುಳ್ಳಿನಾ?" ಅವತ್ತು ಅವಳು ನಕ್ಕಿದ್ದನ್ನು ನಾನು ನೋಡಲಿಲ್ಲ.

ಲಕ್ಷ್ಮಣಪ್ಪನ ಎದುರು ಇಬ್ಬರು ನಿಂತಿದ್ದರು. ಒಬ್ಬ ಈರಭದ್ರಪ್ಪ, ಹಿಟ್ಟಿನ ಗಿರಣಿಯವನು. ಇನ್ನೊಬ್ಬ ಸಣ್ಣಬೀರಪ್ಪ, ಬೀರಯ್ಯನ ತಮ್ಮ, ಅಂದರೆ ಈರಕ್ಕನ ಸ್ವಂತ ಮೈದುನ. ಪಕ್ಷಗಿಕ್ಷ ಯಾವುದೂ ಇಲ್ಲ, ಮೂವರೂ ಸ್ವಂತಕ್ಕೆ ನಿಂತವರೇ.

ಈರಕ್ಕ ಗಂಜಿಗೆ ಇಟ್ಟಿದ್ದ ಹುಣಸೆ ಬೀಜ ಮೊರಕ್ಕೆ ಸುರಿದುಕೊಂಡು ಕೂತಳು. ಊರಲ್ಲಿ ಇನ್ನೂರ ಹದಿನಾಲ್ಕು ಓಟು. ಮನೆಮನೆ ಹೆಸರು ಹೇಳಿ ಬೀಜ ಹಾಕುತ್ತಾ ಹೋದಳು, ನಾನು ತಪ್ಪಿದ್ದನ್ನು ಹೇಳುತ್ತಾ ಹೋದೆ. ಲಕ್ಷ್ಮಣಪ್ಪನ ಗುಡ್ಡೆಗೆ ತೊಂಬತ್ತು ಬಿತ್ತು. ಈರಭದ್ರಪ್ಪನಿಗೆ ಎಪ್ಪತ್ತೊಂದು. ಸಣ್ಣಬೀರಪ್ಪನಿಗೆ ಕುರುಬರ ಬೀದಿಯ ನಲವತ್ತೆಂಟು. ಐದು ಬೀಜ ಎಲ್ಲಿ ಹಾಕಬೇಕೋ ತಿಳಿಯಲಿಲ್ಲ, ಮೊರದ ಅಂಚಿಗೆ ಇಟ್ಟೆವು.

"ನೋಡ್ದಾ. ಲಕ್ಷ್ಮಣಪ್ಪನ್ನ ಬೇಡ ಅನ್ನೋರು ನೂರಾ ಹತ್ತೊಂಬತ್ತು. ಬೇಕು ಅನ್ನೋರು ತೊಂಬತ್ತು. ಗೆಲ್ಲೋನು ಅವ್ನೇ."

"ನಿಮ್ಮ ಬೀದಿಯೋರು ಈರಭದ್ರಪ್ಪನಿಗೆ ಹಾಕಿದ್ರೆ?"

ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ಮುಚ್ಚಿಕೊಂಡೆ. ಯಾಕಂದರೆ ಈರಭದ್ರಪ್ಪನ ವಿಚಾರ ನನಗೂ ಗೊತ್ತಿತ್ತು.

ಎಪ್ಪತ್ತಾರರಲ್ಲಿ, ನಾನು ಆ ಊರಿಗೆ ಬರೋದಕ್ಕೆ ಮುಂಚೆ, ಈರಕ್ಕ ರಾಗಿ ಬೀಸಿಸೋಕೆ ಅವನ ಗಿರಣಿಗೆ ಹೋಗಿದ್ದಳು. ಸುಮ್ಮನೆ ನಿಲ್ಲೋ ಜೀವ ಅಲ್ಲವಲ್ಲ, ಅಲ್ಲೂ ನೂಲುತ್ತಿದ್ದಳು. ಎಳೆ ಹೋಗಿ ಮಿಷನ್ನಿನ ಬೆಲ್ಟಿಗೆ ಸಿಕ್ಕಿ ಗಿರಣಿ ನಿಂತುಹೋಯಿತು. ಈರಭದ್ರಪ್ಪ ಎಲ್ಲರ ಎದುರಿಗೆ ಅವಳ ಕದಿರು ಕಿತ್ತುಕೊಂಡು ಚರಂಡಿಗೆ ಎಸೆದ. ಅದು ಅವಳ ಅತ್ತೆಯ ಕದಿರು. ಆವತ್ತಿಂದ ಈರಕ್ಕ ಎದುರಿಗಿದ್ದ ಗಿರಣಿ ಬಿಟ್ಟು, ರಾಗಿ ಹೊತ್ತುಕೊಂಡು ಎರಡು ಮೈಲಿ ದೇವನೂರಿಗೆ ಹೋಗಿ ಬೀಸಿಸಿಕೊಂಡು ಬರುತ್ತಿದ್ದಳು. ಹನ್ನೊಂದು ವರ್ಷ. ಮಳೆಯಲ್ಲೂ.

ಇನ್ನೊಂದು ತೊಡಕೂ ಬಂತು. ಎಲೆಕ್ಷನ್ನಿಗೆ ಒಂಬತ್ತು ದಿನ ಇರುವಾಗ ಸಣ್ಣಬೀರಪ್ಪ ಬೀದಿಯವರನ್ನೆಲ್ಲ ಕಂಬಳಿಗೆ ಕರೆದ. ಅವರಲ್ಲಿ ಅದು ದೊಡ್ಡ ಸಂಗತಿ. ಯಾರೂ ಹೊದ್ದಿರದ ಹೊಸ ಕರಿ ಕಂಬಳಿ ಹಾಸಿ, ನಡುವೆ ದೇವರ ಭಂಡಾರದ ಅರಿಶಿನ ಇಟ್ಟು, ಮನೆಗೊಬ್ಬರು ಬಂದು ಕಂಬಳಿ ಮುಟ್ಟಿ ಮಾತು ಕೊಡಬೇಕು. ಕೊಟ್ಟ ಮಾತು ತಪ್ಪಿದವರ ಮನೆಗೆ ಹೆಣ್ಣು ಕೊಡೋದಿಲ್ಲ, ನೀರೂ ಮುಟ್ಟೋದಿಲ್ಲ. ಬೀರಯ್ಯ ಲಕ್ಕವಳ್ಳಿ ಕಡೆ ಗದ್ದೆಗಳಲ್ಲಿ ಗೊಬ್ಬರಕ್ಕೆ ಕುರಿ ಕೂರಿಸೋಕೆ ಹೋಗಿದ್ದ. ಭತ್ತ ಕೊಯ್ದ ಮೇಲೆ ವರ್ಷವೂ ಹೋಗುತ್ತಿದ್ದ. ಅದಕ್ಕೆ ಮನೆ ಪರವಾಗಿ ಈರಕ್ಕನೇ ಹೋಗಬೇಕಾಯಿತು.

ಮೇಲೆ ಕೂತು ಮಾತು ಹೇಳಿಸಿದವರು ದೊಡ್ಡಬೀರಪ್ಪಜ್ಜ, ಬೀದಿಗೆ ಹಿರಿಯರು. ಕಣ್ಣಿಗೆ ಪೊರೆ ಬಂದಿತ್ತು. ಒಬ್ಬೊಬ್ಬರೇ ಬಂದು ಅಂಚು ಮುಟ್ಟಿ, "ನಮ್ಮನೆ ಓಟು ಸಣ್ಣಬೀರಪ್ಪಂಗೆ" ಅಂದರು. ಆಚೆ ಒಲೆ ಮೇಲೆ ಕುರಿ ಮಾಂಸ ಬೇಯುತ್ತಿತ್ತು, ಎಲ್ಲರ ಮೂಗೂ ಆ ಕಡೆಗೇ ಇತ್ತು. ಈರಕ್ಕನ ಸರದಿ ಬಂತು. ಮುಟ್ಟಿದಳು. ಮುಟ್ಟಿದ ಕೈ ಅಲ್ಲೇ ನಿಂತಿತು.

"ಏನತ್ಗೆ, ಕೈ ಅಂಟ್ಕಂತಾ?" ಅಂದ ಸಣ್ಣಬೀರಪ್ಪ. ಜನ ನಕ್ಕರು.

"ಇಲ್ಲ ಕಣಪ್ಪಾ, ನುಣುಪಾಗೈತೆ" ಅಂದಳು. ಮಾತು ಹೇಳಿ ಎದ್ದು ಬಂದಳು. ಊಟಕ್ಕೆ ಕೂರಲಿಲ್ಲ.

ಮಾರನೇ ದಿನ ಬೆಳಿಗ್ಗೆ ನಾನು ಹೋದಾಗ ಒಲೆ ಮುಂದೆ ಕೂತಿದ್ದಳು. ಸೆರಗಿನ ಗಂಟು ಬಿಚ್ಚಿ ನಾಲ್ಕು ಕರಿ ಎಳೆ ತೋರಿಸಿದಳು. ಕಂಬಳಿ ಮುಟ್ಟಿದಾಗ ಅಂಚಿನಿಂದ ಕಿತ್ತುಕೊಂಡು ಬಂದಿದ್ದಳು. ಮೊದಲು ತನ್ನ ಕದಿರಿನದೊಂದು ಎಳೆ ಕೆಂಡಕ್ಕೆ ಹಿಡಿದಳು. ಚುರುಕ್ ಅಂತ ಮುದುಡಿ, ಕೂದಲು ಸುಟ್ಟ ವಾಸನೆ ಬಂತು. ಆಮೇಲೆ ಆ ಎಳೆ ಹಿಡಿದಳು. ದೀಪದ ಬತ್ತಿ ಹಾಗೆ ಉರಿದು ಬೂದಿ ಉದುರಿತು. ವಾಸನೆಯೂ ಇಲ್ಲ, ಗೀಸನೆಯೂ ಇಲ್ಲ.

"ಹತ್ತಿ" ಅಂದೆ.

"ಮಿಲ್ಲಿನ ಹತ್ತಿ. ಕರಿ ಬಣ್ಣ ಹಾಕಿ ರಗ್ಗು ಮಾಡವ್ರೆ. ಜವರಮ್ಮ, ಕುರುಬ್ರ ಬೀದೀಲಿ, ಕುರುಬ್ರ ದೇವ್ರ ಎದುರಿಗೆ, ನಲವತ್ತೆಂಟು ಓಟಿನ ಜನ ಹತ್ತಿ ರಗ್ಗು ಮುಟ್ಟಿ ಆಣೆ ಮಾಡವ್ರೆ ಕಣೆ! ಯಾವ ಕುರಿನೂ ಅದಕ್ಕೆ ಒಂದು ಕೂದ್ಲು ಕೊಟ್ಟಿಲ್ಲ."

ಅಷ್ಟು ಹೇಳಿ ನಗೋಕೆ ಶುರು ಮಾಡಿದಳು ನೋಡಿ, ಕೆಮ್ಮು ಬಂದು ನಾನು ನೀರು ಕೊಡಬೇಕಾಯಿತು.

ಆದರೆ ಈರಕ್ಕ ಗುಟ್ಟಾಗಿ ಏನೂ ಮಾಡೋಳಲ್ಲ. ಸೀದಾ ದೊಡ್ಡಬೀರಪ್ಪಜ್ಜನ ಜಗಲಿಗೆ ಹೋದಳು, ನನ್ನನ್ನೂ ಕರೆದುಕೊಂಡು. ಉಳಿದಿದ್ದ ಎಳೆಗಳನ್ನು ಅವರ ಎದುರಿಗೇ ಸುಟ್ಟಳು. ಕಣ್ಣು ಕಾಣದಿದ್ದರೂ ಅಜ್ಜನ ಮೂಗು ಚುರುಕಾಗಿತ್ತು. ಎರಡು ಸಲ ಮೂಸಿ ನೋಡಿ, "ಸಣ್ಣನ್ನ ಕರೀರಿ" ಅಂದರು.

ಸಣ್ಣಬೀರಪ್ಪ ಬಂದ. ಇಸ್ತ್ರಿ ಅಂಗಿ ಹಾಕಿದ್ದ. ಅವನು ಮಗ್ಗ ಬಿಟ್ಟು ಹದಿನೈದು ವರ್ಷ ಆಗಿತ್ತು, ಕಡೂರಿನಲ್ಲಿ ಲಾರಿಗೆ ಮೂಟೆ ತುಂಬಿಸೋ ಮೇಸ್ತ್ರಿ ಆಗಿದ್ದ.

"ಕಂಬ್ಳಿ ಎಲ್ಲಿಂದ ತಂದ್ಯೋ?" ಅಜ್ಜ ಕೇಳಿದರು.

"ಕಡೂರಿನ ಅಂಗಡೀಲಿ ಅಜ್ಜ."

"ಅತ್ಗೆ ಮನೇಲಿ ಮಗ್ಗ ಇಟ್ಕೊಂಡು ಅಂಗಡೀಗೆ ಯಾಕ್ ಹೋದೆ?"

"ಅತ್ಗೆ ಒಂದು ಕಂಬ್ಳಿ ನೂತು ನೇಯೋಕೆ ಒಂದೂವರೆ ತಿಂಗ್ಳು ತಗೊಳ್ತಾಳೆ. ಅಷ್ಟೊತ್ತಿಗೆ ಎಲೆಕ್ಷನ್ನೇ ಮುಗ್ದಿರ್ತದೆ."

"ನೀನೇ ತಂದ್ಯೋ, ಯಾರಾದ್ರೂ ಕೊಟ್ರೋ?" ಇದು ಈರಕ್ಕ.

ಸಣ್ಣಬೀರಪ್ಪ ಕತ್ತಿನ ಗುಂಡಿ ಸಡಿಲ ಮಾಡಿಕೊಂಡ. ಸುಳ್ಳು ಹೇಳೋಕೆ ಬರುತ್ತಿರಲಿಲ್ಲ ಅವನಿಗೆ, ಅದೊಂದು ಒಳ್ಳೆ ಗುಣ. "ಲಕ್ಷ್ಮಣಪ್ಪೋರ ಗಾಡೀಲಿ ಬಂತು. ಎಲೆಕ್ಷನ್ನಿಗೆ ನಿಲ್ಲು, ನಿಮ್ಮ ಜನಕ್ಕೂ ಒಬ್ಬ ಬೇಕು ಅಂತ ಅವ್ರೇ ಧೈರ್ಯ ಹೇಳಿದ್ರು. ಮೊದಲ್ನೇ ಸಲ ಒಬ್ರು ದೊಡ್ಡೋರು ನನ್ನ ಕುರ್ಚಿ ಮೇಲೆ ಕೂರಿಸಿ ಮಾತಾಡಿದ್ದು ಅತ್ಗೆ."

ಈರಕ್ಕನಿಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. "ಅವನು ನಿನ್ನ ಕುರ್ಚಿ ಮೇಲೆ ಕೂರ್ಸಿದ್ದು ನಮ್ಮ ನಲವತ್ತೆಂಟು ಓಟು ಈರಭದ್ರಪ್ಪಂಗೆ ಹೋಗ್ಬಾರ್ದು ಅಂತ ಕಣೋ. ನಿನ್ನ ಗೆಲ್ಸೋಕಲ್ಲ" ಅಂತ ಮಗುವಿಗೆ ಹೇಳೋ ಹಾಗೆ ಹೇಳಿದಳು. ಹುಣಸೆ ಬೀಜದ ಲೆಕ್ಕವನ್ನೂ ಹೇಳಿದಳು.

ಅಜ್ಜ ಗಂಟಲು ಸರಿ ಮಾಡಿಕೊಂಡು ತೀರ್ಪು ಕೊಟ್ಟರು. "ಅದು ಕಂಬ್ಳಿ ಅಲ್ಲ. ಅದರ ಮ್ಯಾಲೆ ಆಡಿದ್ದು ಆಣೆ ಅಲ್ಲ. ಯಾರ ಓಟು ಅವರಿಗೆ ವಾಪಸ್. ಊಟ ಮಾತ್ರ ಆಯ್ತು, ಅದನ್ನ ವಾಪಸ್ ಕೊಡೋಕಾಗಲ್ಲ."

ನಾಮಪತ್ರ ವಾಪಸ್ ತಗೊಳ್ಳೋ ದಿನ ಮುಗಿದಿತ್ತು. ಸಣ್ಣಬೀರಪ್ಪನ ಛತ್ರಿ ಗುರುತು ಚೀಟಿಯಲ್ಲಿ ಇದ್ದೇ ಇರುತ್ತಿತ್ತು. "ನಾನು ನಿಂತಂಗೇ ನಿಂತಿರ್ತೀನಿ. ನೀವು ಹೆಂಗಾದ್ರೂ ಮಾಡ್ಕೊಳ್ಳಿ" ಅಂತ ಎದ್ದು ಹೋದ. ಹೋಗುವಾಗ ಇಸ್ತ್ರಿ ಅಂಗಿ ಮುದುರಿತ್ತು.

ಇನ್ನು ಈರಭದ್ರಪ್ಪ. ಅವನಿಗೆ ಗೋಮಾಳದ ಬಗ್ಗೆ ಏನು ಮನಸ್ಸಿದೆಯೋ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಅವನ ಬಾಯಲ್ಲೇ ಕೇಳದೆ ನಲವತ್ತೆಂಟು ಓಟು ಕೊಡೋಕಾಗುತ್ತಾ? ಕೇಳಬೇಕು ಅಂದರೆ ಗಿರಣಿಗೆ ಹೋಗಬೇಕು. ಈರಕ್ಕ ಎರಡು ದಿನ ಹೋಗಲಿಲ್ಲ. ನೂಲುತ್ತಿದ್ದಳು, ಎಳೆ ಪದೇ ಪದೇ ಕಡಿಯುತ್ತಿತ್ತು. ಅವಳ ಕೈಯಲ್ಲಿ ಎಳೆ ಕಡಿದಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅರವತ್ತು ಕುರಿಗಿಂತ ನನ್ನ ಮುಖ ದೊಡ್ದೇನೆ?" ಅಂತ ತನ್ನಷ್ಟಕ್ಕೆ ಕೇಳಿಕೊಂಡಳು. ಮೂರನೇ ದಿನ ಎದ್ದಳು. ಕದಿರು ನನ್ನ ಕೈಗೆ ಕೊಟ್ಟು ಹೊರಟಳು, ನಾನೂ ಹಿಂದೆ ಹೋದೆ.

ಹನ್ನೊಂದು ವರ್ಷದ ಮೇಲೆ ಅವಳು ಗಿರಣಿ ಮೆಟ್ಟಿಲು ಹತ್ತಿದ್ದನ್ನು ಕಂಡು ಈರಭದ್ರಪ್ಪ ಮಿಷನ್ನೇ ನಿಲ್ಲಿಸಿಬಿಟ್ಟ. ಮೈಯೆಲ್ಲ ಹಿಟ್ಟು, ರೆಪ್ಪೆ ಕೂಡ ಬೆಳ್ಳಗೆ.

"ಏನೀರಕ್ಕ, ರಾಗಿ ತಂದ್ಯಾ?"

"ರಾಗಿ ವಿಷ್ಯ ಅಲ್ಲ. ಗೋಮಾಳಕ್ಕೆ ನೀಲಗಿರಿ ಬೇಕೋ, ಬೇಡ್ವೋ? ಒಂದೇ ಮಾತಲ್ಲಿ ಹೇಳು."

"ನಂಗೆ ಗೋಮಾಳ ಕಟ್ಕೊಂಡು ಏನಾಗ್ಬೇಕು? ಆದ್ರೆ ಲಕ್ಷ್ಮಣಪ್ಪ ಬೇಕು ಅಂದದ್ದು ನಂಗೆ ಯಾವ್ದೂ ಬೇಡ."

"ಎಲ್ರ ಎದುರಿಗೂ ಹೇಳ್ತೀಯಾ?"

"ಮೈಕಲ್ಲಿ ಬೇಕಾದ್ರೂ ಹೇಳ್ತೀನಿ."

"ಅಷ್ಟು ಸಾಕು" ಅಂತ ತಿರುಗಿದಳು. ಅವನು ಹಿಂದಿನಿಂದ, "ಈರಕ್ಕ, ಅವತ್ತಿನ ಕದಿರು..." ಅಂದ. ಅವಳು ನಿಲ್ಲಲಿಲ್ಲ. ಅವನು ಏನು ಹೇಳೋಕೆ ಹೊರಟಿದ್ದನೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಮೈಕಿನಲ್ಲಿ ಮಾತ್ರ ಹೇಳಿದ, ಅದು ನಿಜ. ಮೂರು ಸಲ ಹೇಳಿದ.

ಉಳಿದ ನಾಲ್ಕು ದಿನ ಈರಕ್ಕ ಕುರುಬರ ಬೀದಿಯ ಮನೆಮನೆಗೂ ಹೋದಳು. ಕೈಯಲ್ಲಿ ಕದಿರು, ಸೆರಗಲ್ಲಿ ಹುಣಸೆ ಬೀಜ. ಭಾಷಣ ಇಲ್ಲ. ಬೀಜ ಮೂರು ಗುಡ್ಡೆ ಮಾಡಿ ತೋರಿಸೋಳು, ಸಣ್ಣಬೀರಪ್ಪನ ಗುಡ್ಡೆಯನ್ನು ಈರಭದ್ರಪ್ಪನ ಕಡೆ ಸರಿಸೋಳು, ಎದ್ದು ಬರೋಳು. ಯಲ್ಲಮ್ಮ ಅಂತ ಒಬ್ಬಳು ಮಾತ್ರ ಬಿಡಲಿಲ್ಲ. "ಮೈದುನನ್ನ ಸೋಲ್ಸೋಕೆ ಹೊರಟಿದ್ದೀಯಲ್ಲೇ, ನಾಚ್ಕೆ ಆಗಲ್ವಾ?" ಅಂದಳು.

"ಮೈದುನ ನನಗೆ ಬೇಕು ಕಣೆ. ಅವನಿಗೆ ಬಿದ್ದ ಓಟು ಲಕ್ಷ್ಮಣಪ್ಪಂಗೆ ಹೋಗ್ತದಲ್ಲ, ಅದು ಬೇಡ."

"ಈರಭದ್ರಪ್ಪ ಒಳ್ಳೇನಾ?"

"ಅಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗ್ ಗೊತ್ತು?"

ಎಲೆಕ್ಷನ್ ಆಯಿತು. ಎಣಿಸಿದಾಗ ಈರಭದ್ರಪ್ಪನಿಗೆ ನೂರಾ ಹತ್ತು, ಲಕ್ಷ್ಮಣಪ್ಪನಿಗೆ ತೊಂಬತ್ತಮೂರು, ಸಣ್ಣಬೀರಪ್ಪನಿಗೆ ಆರು. ಮೂರು ಚೀಟಿ ಕೆಟ್ಟಿದ್ದವು. ಬೀರಯ್ಯನೂ ಅವನ ಜೊತೆಗಾರನೂ ಲಕ್ಕವಳ್ಳಿಯಿಂದ ಬರಲಿಲ್ಲ. ಅಲ್ಲಿಗೆ ಇನ್ನೂರ ಹದಿನಾಲ್ಕೂ ಸರಿಹೋಯಿತು. ಆ ಆರರಲ್ಲಿ ಸಣ್ಣಬೀರಪ್ಪನದೇ ಒಂದು ಇತ್ತೋ ಇಲ್ಲವೋ ಅವನು ಯಾರಿಗೂ ಹೇಳಲಿಲ್ಲ. ಆದರೆ ಯುಗಾದಿ ಹೊತ್ತಿಗೆ ಅತ್ತಿಗೆ ಮನೆಗೆ ಬಂದು, "ನಂಗೊಂದು ನಿಜವಾದ ಕಂಬ್ಳಿ ನೇಯ್ದು ಕೊಡು" ಅಂದ. ಅವಳು ಒಂದೂವರೆ ತಿಂಗಳು ತಗೊಂಡಳು. ಒಂದು ದಿನವೂ ಕಡಿಮೆ ಮಾಡಲಿಲ್ಲ.

ಈರಭದ್ರಪ್ಪ ಹಾರ ಹಾಕಿಕೊಂಡು, ಡೋಲು ಬಾರಿಸಿಕೊಂಡು ಈರಕ್ಕನ ಬಾಗಿಲಿಗೆ ಬಂದ. "ನೀನೇ ಗೆಲ್ಸಿದ್ದು. ಇನ್ಮೇಲೆ ನಿನ್ನ ರಾಗಿ ನಾನೇ ಬೀಸಿ ಮನೆಗೆ ಕಳುಸ್ತೀನಿ" ಅಂದ.

"ನಿನ್ನ ಗೆಲ್ಸಿಲ್ಲ ಕಣಪ್ಪಾ, ಅವನ್ನ ಸೋಲ್ಸಿದ್ದು. ಓಟು ಹಾಕಿದ್ದೀನಿ, ರಾಗಿ ಹಾಕಲ್ಲ."

ಡೋಲಿನವನಿಗೇ ನಗು ತಡೆಯಲಾಗಲಿಲ್ಲ. ಸೋಮವಾರ ಈರಕ್ಕ ರಾಗಿ ಹೊತ್ತುಕೊಂಡು ದೇವನೂರಿಗೆ ಹೋದಳು.

ಗೋಮಾಳ ಉಳಿಯಿತು. ಮೀಟಿಂಗಿನಲ್ಲಿ ಈರಭದ್ರಪ್ಪ ಬೇಡ ಅಂದ. ಎರಡು ವರ್ಷದಲ್ಲಿ ಅವನೇ ಗೋಮಾಳದ ಕೆಳಗಿನ ಮೂಲೆಯಲ್ಲಿ ಇಟ್ಟಿಗೆ ಸುಡೋಕೆ ಮಣ್ಣು ತೆಗೆಸಿದ. ಈರಕ್ಕ ಅದನ್ನು ನೋಡಿ ಬಂದು, "ಬೇಡದೋರ ಕಡೆಗೆ ಬಂದ ನೋಡು, ಸರಿಯಾದ ಟೈಮಿಗೆ" ಅಂದಳು. ಬೇಜಾರು ಇತ್ತೋ ಏನೋ, ಕುರಿ ಮಾತ್ರ ಮಿಕ್ಕ ಮೂವತ್ತೊಂಬತ್ತು ಎಕರೆಯಲ್ಲಿ ಮೇಯುತ್ತಿದ್ದವು.

ಎಂಬತ್ತೊಂಬತ್ತರ ಮಳೆಗಾಲದಲ್ಲಿ ಅವಳಿಗೆ ದಮ್ಮು ಜೋರಾಯಿತು. ನಲವತ್ತು ವರ್ಷ ಉಣ್ಣೆ ಧೂಳು ಕುಡಿದ ಎದೆ. ಕಡೂರಿನ ಡಾಕ್ಟರು ಕದಿರು ಮುಟ್ಟಬೇಡ ಅಂದರು, ಇವಳು ಮುಟ್ಟಿದಳು. ನವೆಂಬರಿನಲ್ಲಿ ಮತ್ತೆ ಎಲೆಕ್ಷನ್ ಬಂತು. ಎಮ್ಮೆಲ್ಲೆಗೊಂದು, ಎಂಪಿಗೊಂದು, ಎರಡು ಚೀಟಿ. ಅಷ್ಟೊತ್ತಿಗೆ ನನ್ನ ಹೆಸರೂ ಇಲ್ಲಿನ ಲಿಸ್ಟಿಗೆ ಬಂದಿತ್ತು. ಗಾಡಿ ಕಟ್ಟಿಸಿ ಕರೆದುಕೊಂಡು ಹೋಗ್ತೀನಿ ಅಂದೆ. ಬೇಡ ಅಂದಳು. "ನಾನು ಬರ್ದಿದ್ರೆ ಒಬ್ಬನಿಗೆ ಒಂದು ಓಟು ಕಮ್ಮಿ ಆಗ್ತದೆ. ಯಾರಿಗೆ ಅಂತ ಅವರೇ ತಲೆ ಕೆಡಿಸ್ಕೊಳ್ಳಲಿ."

ನಾನು ಹೋಗಿ, ಸಾಲಿನಲ್ಲಿ ಮೂರು ಗಂಟೆ ನಿಂತು, ಎರಡೂ ಚೀಟಿ ಹಾಕಿ, ಮಧ್ಯಾಹ್ನ ಎರಡರ ಹೊತ್ತಿಗೆ ನೇರ ಅವಳ ಮನೆಗೆ ಬಂದೆ. ಗೋಡೆಗೆ ಒರಗಿ ಕೂತಿದ್ದಳು, ತಾನೇ ನೂತ ಕಂಬಳಿ ಹೊದ್ದು. ಬೀರಯ್ಯ ಮಗ್ಗದಲ್ಲಿದ್ದ. ಬಿಸಿನೀರು ಕುಡಿಸಿದೆ.

"ಯಾರನ್ನ ಬೇಡ ಅಂದೆ?" ಅಂತ ಕೇಳುತ್ತಾಳೆ ಅಂದುಕೊಂಡು ಉತ್ತರ ರೆಡಿ ಮಾಡಿಟ್ಟುಕೊಂಡಿದ್ದೆ. ಕೇಳಲಿಲ್ಲ. ನನ್ನ ಎಡಗೈ ಹಿಡಿದುಕೊಂಡು, ಬೆರಳಿನ ಶಾಯಿಯನ್ನು ಹೆಬ್ಬೆರಳಲ್ಲಿ ಉಜ್ಜಿದಳು, ಬಣ್ಣ ಗಟ್ಟಿಯಾ ಅಂತ ನೂಲು ಉಜ್ಜಿ ನೋಡುವ ಹಾಗೆ. ಮಗ್ಗ ಟಕಟಕ ಅನ್ನುತ್ತಿತ್ತು. ಉಸಿರು ಸಿಕ್ಕಷ್ಟರಲ್ಲಿ ನಿಧಾನಕ್ಕೆ ಕೇಳಿದಳು:

"ಜವರಮ್ಮ, ಇಷ್ಟು ವರ್ಷದಾಗೆ ಒಂದ್ ಸಲನಾದ್ರೂ, ಇವನು ಬೇಕು ಅಂತ ಇಷ್ಟಪಟ್ಟು ಹಾಕಿದ್ದೀಯೇನೆ?"